ಕಾಲು ಉಳಿಸಲು ಹತ್ತು ಕೈ ಬೇಕು

(ಪಣಂಬೂರಿನಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮುಂದೆ ಮಾಡಿದ ಭಾಷಣ)



ಬೇಸಾಯಗಾರನಿಗೆ ಭೂಮಿ ಒಂದು ಆಸ್ತಿ. ಅವನ ಎರಡು ಕಾಲುಗಳು ಇನ್ನೊಂದು ಆಸ್ತಿ. ಭೂಮಿಗೆ ದಾಖಲೆ ಉಂಟು, ಅಳತೆ ಉಂಟು, ಗಡಿಕಲ್ಲು ಉಂಟು. ಕಾಲಿಗೆ ಇದಾವುದೂ ಇಲ್ಲ. ಒಂದು ವರ್ಷದ ಬೆಳೆ ಹೋದರೆ ಮರುವರ್ಷ ಬೆಳೆದೀತು. ಕಾಲು ಹೋದರೆ ಮತ್ತೆ ಚಿಗುರುವುದಿಲ್ಲ. ಆದುದರಿಂದ, ಪೆಟ್ಟಾಗಿ ನಜ್ಜುಗುಜ್ಜಾದ ಕಾಲನ್ನು ಇಂದಿನ ಶಸ್ತ್ರವೈದ್ಯರು ಹೇಗೆ ಉಳಿಸುತ್ತಾರೆ, ಅವರ ಕೆಲಸ ಸಫಲವಾಗಬೇಕಾದರೆ ನೀವೇನು ಮಾಡಬೇಕು ಎಂಬುದನ್ನು ಈ ದಿನ ತಿಳಿಸಬೇಕೆಂದಿದ್ದೇನೆ.

ಈ ವಿಷಯ ನಮಗೇಕೆ ಎಂದು ಕೇಳಬೇಡಿ. ನಾವು ಸೇರಿರುವ ಈ ಪಣಂಬೂರನ್ನೇ ನೋಡಿ. ನಮ್ಮ ಹಿರಿಯರ ಕಾಲದಲ್ಲಿ ಇಲ್ಲಿ ಗದ್ದೆಯಿತ್ತು, ತೆಂಗಿನ ತೋಟವಿತ್ತು, ಆಚೆಗೆ ಕಡಲು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಸಾರಲ್ಪಟ್ಟಿತು. 1975ರ ಜನವರಿ 11ರಂದು ಉದ್ಘಾಟನೆಯಾಯಿತು. ಬಂದರಿಗಾಗಿ ಮನೆಮಠ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದರು. ಬಂದರಿನ ಹಿಂದೆಯೇ ರಸಗೊಬ್ಬರದ ಕಾರ್ಖಾನೆ ಬಂತು, ಉಳಿದ ಕೈಗಾರಿಕೆಗಳು ಬಂದವು. ಈಗ ಊರು ಮಂಗಳೂರು ನಗರಕ್ಕೆ ಸೇರಿದೆ. 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿ, ಟ್ಯಾಂಕರುಗಳ ಸಾಲು. ಅದೇ ರಸ್ತೆಯಲ್ಲಿ ನಮ್ಮವರು ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗುತ್ತಾರೆ, ಮಕ್ಕಳು ಶಾಲೆಗೆ ದಾಟುತ್ತಾರೆ.

ಹೆದ್ದಾರಿಯಿಂದ ದೂರವಿರುವ ಹಳ್ಳಿಗಳಲ್ಲಿಯೂ ಅಪಾಯ ಕಡಮೆಯಾಗಿಲ್ಲ. ಕೋಣಗಳು ಹೋದವು, ಟಿಲ್ಲರು ಬಂತು. ಕತ್ತಿಯ ಬದಲು ಹುಲ್ಲು ಕತ್ತರಿಸುವ ಯಂತ್ರ ಬಂತು. ಕೆಂಪುಕಲ್ಲಿನ ಪಣೆಯಲ್ಲಿ ಕಲ್ಲು ಕೊಯ್ಯುವ ಚಕ್ರ ಬಂತು. ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ; ಯಂತ್ರದಿಂದ ಬೆನ್ನು ಹಗುರವಾಗಿದೆ. ಆದರೆ ಯಂತ್ರಕ್ಕೆ ಸಿಕ್ಕಿದ ಕಾಲಿನ ಗಾಯವು ಕತ್ತಿ ತಾಗಿದ ಗಾಯದಂತಲ್ಲ ಎಂಬುದನ್ನು ನಾವು ಅರಿತಿರಬೇಕು.

ಮುಂಗಾಲಿನ ವಿಶೇಷ

ನಿಮ್ಮ ಕೈಯನ್ನು ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿ ಇಟ್ಟು ನೋಡಿ. ಅಲ್ಲಿ ಎಲುಬಿನ ಏಣು ಕೈಗೆ ಸಿಗುತ್ತದೆ. ಎಲುಬಿನ ಮೇಲೆ ತೆಳ್ಳಗಿನ ಚರ್ಮವಲ್ಲದೆ ಬೇರೇನೂ ಇಲ್ಲ. ಮಾಂಸವೆಲ್ಲ ಹಿಂದೆ, ಮೀನಖಂಡದಲ್ಲಿ. ತೊಡೆಯ ಎಲುಬಿಗೆ ಸುತ್ತಲೂ ದಪ್ಪ ಮಾಂಸದ ಕಾವಲುಂಟು. ಮುಂಗಾಲಿನ ಎಲುಬಿಗೆ ಆ ಕಾವಲಿಲ್ಲ. ಆದಕಾರಣ ಅಲ್ಲಿ ಬಲವಾದ ಪೆಟ್ಟು ಬಿದ್ದರೆ ಎಲುಬು ಮುರಿದು ಚರ್ಮವನ್ನು ಸೀಳಿ ಹೊರಗೆ ಬರುವುದು ಸಾಮಾನ್ಯ. ಇದನ್ನು ಡಾಕ್ಟರರು ತೆರೆದ ಮುರಿತ ಎನ್ನುತ್ತಾರೆ.

ಎಲುಬು ಸತ್ತ ವಸ್ತುವಲ್ಲ. ಅದಕ್ಕೂ ರಕ್ತ ಬೇಕು. ಅದರ ಮೇಲಿನ ಮಾಂಸ, ಪೊರೆಗಳಿಂದ ಅದಕ್ಕೆ ರಕ್ತ ಬರುತ್ತದೆ. ಮೇಲಿನ ಹೊದಿಕೆ ಹರಿದುಹೋಗಿ ಎಲುಬು ಗಾಳಿಗೆ ತೆರೆದುಕೊಂಡಿದ್ದರೆ, ನೀರು ನಿಲ್ಲದ ಗದ್ದೆಯ ನೇಜಿಯಂತೆ ಅದು ಒಣಗಿ ಸಾಯುತ್ತದೆ. ಸತ್ತ ಎಲುಬಿನಲ್ಲಿ ಕೀವು ಮನೆಮಾಡುತ್ತದೆ. ಒಮ್ಮೆ ಎಲುಬಿನೊಳಕ್ಕೆ ಹೊಕ್ಕ ಕೀವನ್ನು ಓಡಿಸುವುದಕ್ಕೆ ತಿಂಗಳುಗಳಲ್ಲ, ವರ್ಷಗಳು ಹಿಡಿಯಬಹುದು.

1976ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗಸ್ಟಿಲೊ ಮತ್ತು ಆಂಡರ್ಸನ್ ಎಂಬ ವೈದ್ಯರು 1025 ತೆರೆದ ಮುರಿತಗಳನ್ನು ಪರಿಶೀಲಿಸಿ ಅವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಸೂಜಿ ಚುಚ್ಚಿದಂತಹ ಸಣ್ಣ ಗಾಯ ಮೊದಲನೆಯ ದರ್ಜೆ. ಮಾಂಸ, ಚರ್ಮಗಳು ಕಿತ್ತುಹೋಗಿ ಎಲುಬು ಬತ್ತಲೆಯಾದದ್ದು, ಅಥವಾ ರಕ್ತನಾಳವೇ ತುಂಡಾದದ್ದು ಮೂರನೆಯ ದರ್ಜೆ. ಲಾರಿಯ ಚಕ್ರವೂ ಟಿಲ್ಲರಿನ ಅಲಗೂ ಮಾಡುವ ಗಾಯಗಳು ಹೆಚ್ಚಾಗಿ ಈ ಮೂರನೆಯ ದರ್ಜೆಯವು. ಇಂದಿನ ಮಾತೆಲ್ಲ ಅವುಗಳ ಕುರಿತೇ.

ಒಬ್ಬರ ನಂತರ ಒಬ್ಬರೋ, ಎಲ್ಲರೂ ಒಟ್ಟಿಗೋ?

ಇಂತಹ ಕಾಲಿನಲ್ಲಿ ಕೆಟ್ಟಿರುವುದು ಒಂದಲ್ಲ. ಎಲುಬು ಮುರಿದಿದೆ, ಅದು ಎಲುಬು ಡಾಕ್ಟರರ ಕೆಲಸ. ಮಾಂಸ, ಚರ್ಮ ಹೋಗಿದೆ; ಅದು ಪ್ಲಾಸ್ಟಿಕ್ ಸರ್ಜನರ ಕೆಲಸ. ಪ್ಲಾಸ್ಟಿಕ್ ಎಂದರೆ ಕೊಡಪಾನದ ಪ್ಲಾಸ್ಟಿಕ್ ಎಂದೋ, ಮುಖ ಚೆಂದ ಮಾಡುವ ವಿದ್ಯೆಯೆಂದೋ ತಿಳಿಯಬೇಡಿ. ದೇಹದ ಒಂದು ಕಡೆಯ ಚರ್ಮ, ಮಾಂಸಗಳಿಂದ ಇನ್ನೊಂದು ಕಡೆಯ ಕುಂದನ್ನು ತುಂಬುವ ವಿದ್ಯೆ ಅದು. ರಕ್ತನಾಳ ಹರಿದಿದ್ದರೆ ಅದನ್ನು ಜೋಡಿಸುವವರು ಬೇಕು. ನೋವು ತಿಳಿಯದಂತೆ ಮಾಡಿ, ಗಂಟೆಗಟ್ಟಲೆ ಜೀವವನ್ನು ಕಾಯುವ ಅರಿವಳಿಕೆ ಡಾಕ್ಟರರು ಬೇಕು. ದಾದಿಯರು ಬೇಕು, ರಕ್ತ ಕೊಡುವವರು ಬೇಕು, ಆಮೇಲೆ ನಡೆಯಲು ಕಲಿಸುವವರು ಬೇಕು.

ಹಿಂದೆ ಏನಾಗುತ್ತಿತ್ತೆಂದರೆ, ಎಲುಬು ಡಾಕ್ಟರರು ಮೊದಲು ಎಲುಬನ್ನು ಕೂಡಿಸುತ್ತಿದ್ದರು. ಗಾಯಕ್ಕೆ ದಿನವೂ ಪಟ್ಟಿ ಬದಲಾಯಿಸುತ್ತ ಕಾಯುತ್ತಿದ್ದರು. ವಾರಗಳು ಕಳೆದು, ಗಾಯ ಮುಚ್ಚದು ಎಂದು ಕಂಡಮೇಲೆ ಚರ್ಮದ ವೈದ್ಯರಿಗೆ ಹೇಳಿಕಳುಹಿಸುತ್ತಿದ್ದರು. ಅಷ್ಟರಲ್ಲಿ ಎಲುಬು ಒಣಗಿ ಕೀವು ಸೇರಿರುತ್ತಿತ್ತು. ಇಬ್ಬರೂ ಬಲ್ಲವರೇ, ಇಬ್ಬರೂ ದುಡಿದವರೇ. ಆದರೂ ಕಾಲು ಹೋಗುತ್ತಿತ್ತು. ಉತ್ತವನೂ ಒಳ್ಳೆಯವನು, ನೇಜಿ ಹಾಕಿದವನೂ ಒಳ್ಳೆಯವನು. ಒಬ್ಬನು ಆಟಿಯಲ್ಲಿ ಬಂದು ಇನ್ನೊಬ್ಬನು ಸೋಣದಲ್ಲಿ ಬಂದರೆ ಬೆಳೆ ಎಲ್ಲಿಂದ ಬಂದೀತು?

ಇದು ಬರಿಯ ಅಭಿಪ್ರಾಯವಲ್ಲ, ಲೆಕ್ಕದಿಂದ ತಿಳಿದುಬಂದ ವಿಷಯ. ಯುಗೊಸ್ಲಾವಿಯದ ಲ್ಯುಬ್ಲಿಯಾನ ನಗರದಲ್ಲಿ ಮಾರ್ಕೊ ಗೊಡಿನ ಎಂಬ ಶಸ್ತ್ರವೈದ್ಯರಿದ್ದರು. ಮಾಂಸ, ಚರ್ಮಗಳನ್ನು ಬೇರೆ ಕಡೆಯಿಂದ ತಂದು ಜೋಡಿಸಿದ 532 ರೋಗಿಗಳ ವಿವರವನ್ನು ಅವರು ಕಲೆಹಾಕಿದರು. 1986ರಲ್ಲಿ ಅದು ಪ್ರಕಟವಾಯಿತು. ಪೆಟ್ಟಾದ 72 ಗಂಟೆಗಳೊಳಗೆ, ಎಂದರೆ ಮೂರು ದಿನದೊಳಗೆ, ಗಾಯವನ್ನು ಮುಚ್ಚಿದವರಲ್ಲಿ ನೂರಕ್ಕೆ ಒಂದೂವರೆಯಷ್ಟು ಜನರಿಗೆ ಮಾತ್ರ ಕೀವಾಯಿತು. ಮೂರು ದಿನ ಕಳೆದು ಮೂರು ತಿಂಗಳೊಳಗೆ ಮುಚ್ಚಿದವರಲ್ಲಿ ನೂರಕ್ಕೆ ಹದಿನೇಳೂವರೆ. ಕೈ ಅದೇ, ವಿದ್ಯೆ ಅದೇ, ವ್ಯತ್ಯಾಸವಾದದ್ದು ಹೊತ್ತಿನಲ್ಲಿ. ಗೊಡಿನರು ಅದೇ ವರ್ಷ, ಇನ್ನೂ ನಡುವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಅವರ ಲೆಕ್ಕ ಇಂದಿಗೂ ಲೋಕದ ವೈದ್ಯರಿಗೆ ದಾರಿ ತೋರಿಸುತ್ತಿದೆ. ಬ್ರಿಟನ್ನಿನಲ್ಲಿ ಎಲುಬು ವೈದ್ಯರ ಸಂಘವೂ ಪ್ಲಾಸ್ಟಿಕ್ ಸರ್ಜನರ ಸಂಘವೂ ಕೂಡಿ 2009ರಲ್ಲಿ ಒಂದು ಕಟ್ಟಳೆ ಮಾಡಿದವು: ಇಂತಹ ಕಾಲನ್ನು ಮೊದಲಿನಿಂದಲೇ ಇಬ್ಬರೂ ಒಟ್ಟಿಗೆ ನೋಡಬೇಕು; ಇಬ್ಬರೂ ಇಲ್ಲದ ಆಸ್ಪತ್ರೆಯಾದರೆ ಇಬ್ಬರೂ ಇರುವಲ್ಲಿಗೆ ಕಳುಹಿಸಬೇಕು.

ನಮ್ಮ ನೆರೆಯಲ್ಲಿಯೇ ಇದಕ್ಕೆ ಉತ್ತಮ ಉದಾಹರಣೆಯುಂಟು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯನ್ನು 1978ರಲ್ಲಿ ಸ್ಥಾಪಿಸಿದವರು ಡಾ. ಷಣ್ಮುಗನಾಥನ್ ಎಂಬ ಅರಿವಳಿಕೆ ವೈದ್ಯರು. ಅವರ ಮಕ್ಕಳಲ್ಲಿ ಡಾ. ರಾಜಶೇಖರನ್ ಎಲುಬು ಶಸ್ತ್ರವೈದ್ಯರಾದರು, ಡಾ. ರಾಜಾ ಸಭಾಪತಿ ಪ್ಲಾಸ್ಟಿಕ್ ಸರ್ಜನರಾದರು. ಅಣ್ಣತಮ್ಮಂದಿರು ಒಂದೇ ಗಾಯವನ್ನು ಒಂದೇ ಹೊತ್ತಿನಲ್ಲಿ ನೋಡುವ ಪದ್ಧತಿ ಅಲ್ಲಿ ಬೇರೂರಿತು. ಪಾಲಾಗದ ಮನೆಯ ಬೇಸಾಯದಂತೆ ಅದು ಫಲ ಕೊಟ್ಟಿದೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ

ಒಳಗೆ ನಡೆಯುವ ಕೆಲಸದ ಕ್ರಮ ಹೀಗೆ.

ಮೊದಲು ಜೀವ, ಆಮೇಲೆ ಕಾಲು. ಉಸಿರು, ರಕ್ತ, ತಲೆ, ಹೊಟ್ಟೆಗಳನ್ನು ನೋಡಿದ ಮೇಲೆಯೇ ಕಾಲಿನ ಮಾತು. ಕೀವಾಗದಂತೆ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ, ರಕ್ತನಾಳದ ಮೂಲಕ ಕೊಡಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕು. ಪಾದ ತಣ್ಣಗಾಗಿ ನಾಡಿ ಸಿಗದಿದ್ದರೆ ರಕ್ತನಾಳ ಹರಿದಿದೆಯೆಂದು ಶಂಕಿಸಬೇಕು. ರಕ್ತವಿಲ್ಲದೆ ಆರು ಗಂಟೆಯಾದರೆ ಮಾಂಸ ಸಾಯುತ್ತದೆ. ಆದುದರಿಂದ ಮೂರು ನಾಲ್ಕು ಗಂಟೆಗಳೊಳಗೇ ರಕ್ತ ಹರಿಯುವಂತೆ ಮಾಡುವುದು ಅವರ ಗುರಿ.

ಎರಡನೆಯದು ಗಾಯ ತೊಳೆಯುವುದು. ಇದು ಸಣ್ಣ ಕೆಲಸವಲ್ಲ. ಲೀಟರುಗಟ್ಟಲೆ ನೀರಿನಿಂದ ಮಣ್ಣು, ಹುಲ್ಲು, ಬಟ್ಟೆಯ ಚೂರುಗಳನ್ನೆಲ್ಲ ತೊಳೆದು, ಸತ್ತ ಮಾಂಸವನ್ನೂ ಎಲುಬಿನ ಸಡಿಲ ಚೂರುಗಳನ್ನೂ ತೆಗೆಯುತ್ತಾರೆ. ಇಲ್ಲಿಯೇ ಇಬ್ಬರು ವೈದ್ಯರು ಒಟ್ಟಿಗಿರಬೇಕಾದ ಮುಖ್ಯ ಕಾರಣವಿದೆ. ಗಾಯ ಮುಚ್ಚುವ ಭಾರ ತನ್ನದಲ್ಲ ಎಂದಿದ್ದರೆ ಸತ್ತದ್ದನ್ನೆಲ್ಲ ತೆಗೆಯಲು ಎಲುಬು ಡಾಕ್ಟರರು ಅಳುಕುವರು: ಇಷ್ಟು ತೆಗೆದರೆ ಮುಚ್ಚುವವರಾರು? ಮುಚ್ಚುವವರು ಪಕ್ಕದಲ್ಲೇ ನಿಂತಿದ್ದರೆ ಅಳುಕಿಲ್ಲ. ಕೊಳೆರೋಗ ಬಂದ ಗೊನೆಯನ್ನು ಅರ್ಧ ಕೊಯ್ದು ಅರ್ಧ ಬಿಟ್ಟರೆ ಏನಾಗುವುದೆಂದು ಅಡಿಕೆ ಬೆಳೆಯುವ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಎಲುಬನ್ನು ಅಲುಗದಂತೆ ನಿಲ್ಲಿಸುವುದು. ಒಳಗೆ ಸರಳು ಹಾಕಬಹುದು. ಇಲ್ಲವೆ ಹೊರಗಿನಿಂದ ಕಂಬಿಗಳನ್ನು ಚುಚ್ಚಿ ಚೌಕಟ್ಟು ಕಟ್ಟಬಹುದು. ಆ ಕಂಬಿಗಳನ್ನು ಎಲ್ಲಿ ಚುಚ್ಚಬೇಕೆಂಬುದನ್ನೂ ಇಬ್ಬರೂ ಕೂಡಿಯೇ ತೀರ್ಮಾನಿಸಬೇಕು. ಇಲ್ಲವಾದರೆ ನಾಳೆ ಮಾಂಸ ತಿರುಗಿಸಿ ತರಬೇಕಾದ ದಾರಿಗೇ ಕಂಬಿ ಅಡ್ಡವಾಗುತ್ತದೆ.

ನಾಲ್ಕನೆಯದು ಹೊದಿಕೆ. ಇದರಲ್ಲಿ ಎರಡು ಬಗೆ. ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಗಾಯದ ಮೇಲೆ ಹಾಸುವುದು ಒಂದು. ಇದು ಬೇರು ತೊಳೆದ ನೇಜಿಯಂತೆ. ಕೆಳಗೆ ಹಸಿ ಮಣ್ಣಿದ್ದರೆ ಹಿಡಿಯುತ್ತದೆ, ಕಲ್ಲಿನ ಮೇಲೆ ಹಿಡಿಯದು. ಬತ್ತಲೆ ಎಲುಬು ಕಲ್ಲಿಗೆ ಸಮಾನ. ಅಲ್ಲಿಗೆ ಎರಡನೆಯ ಬಗೆ ಬೇಕು. ಅಡಿಕೆ ಸಸಿಯನ್ನು ಬುಡದ ಮಣ್ಣಿನ ಸಮೇತ ಎತ್ತಿ ನೆಡುವಂತೆ, ಮಾಂಸವನ್ನು ಅದರ ರಕ್ತನಾಳದ ಸಮೇತ ತರಬೇಕು. ವೈದ್ಯರು ಇದನ್ನು ಫ್ಲಾಪ್ ಎನ್ನುತ್ತಾರೆ. ಮಂಡಿಯ ಕೆಳಗಣ ಗಾಯಕ್ಕೆ ಮೀನಖಂಡದ ಒಂದು ಸ್ನಾಯುವನ್ನು, ಅದರ ನಾಳ ಬಿಡದೆ, ಮುಂದಕ್ಕೆ ತಿರುಗಿಸಿ ಹೊದಿಸಬಹುದು. ಪಾದದ ಹತ್ತಿರದ ಗಾಯಕ್ಕೆ ಅಷ್ಟು ಮಾಂಸ ಬಳಿಯಲ್ಲಿ ಸಿಗದು. ಆಗ ಬೆನ್ನಿನಿಂದಲೋ ತೊಡೆಯಿಂದಲೋ ಮಾಂಸದ ತುಂಡನ್ನು ಪೂರಾ ಬಿಡಿಸಿ ತಂದು, ಅದರ ನಾಳಗಳನ್ನು ಕಾಲಿನ ನಾಳಗಳಿಗೆ ಜೋಡಿಸುತ್ತಾರೆ. ಮೇಲಿನ ತೋಡಿನಿಂದ ಹೊಸ ಗದ್ದೆಗೆ ಕಾಲುವೆ ಕಡಿದು ಕೂಡಿಸಿದಂತೆ. ಆದರೆ ಈ ಕಾಲುವೆಯ ಅಗಲ ಎರಡು ಮೂರು ಮಿಲಿಮೀಟರು ಮಾತ್ರ. ಹೊಲಿಯುವ ನೂಲು ತಲೆಗೂದಲಿಗಿಂತ ಸಪುರ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೊಲಿಯಬೇಕು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಟೇಲರ್ ಮತ್ತು ಡೇನಿಯಲ್ ಎಂಬವರು ತೊಡೆಸಂದಿನ ಚರ್ಮವನ್ನು ಈ ರೀತಿ ಒಬ್ಬ ಗಾಯಾಳುವಿನ ಪಾದದ ಕೀಲಿನ ಬಳಿಗೆ ತಂದು ಕೂಡಿಸಿದರು. ಇಂದು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿದೆ.

ಈ ವಿದ್ಯೆಯ ಬೇರು ಪರದೇಶದ್ದೇ ಎಂದು ತಿಳಿಯಬೇಡಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತ ಪ್ರಕಟಿಸಿದಾಗ ಯೂರೋಪಿನ ವೈದ್ಯರು ಬೆರಗಾದರು. ಬುಡ ಕಡಿಯದೆ ತಿರುಗಿಸುವ ಆ ಉಪಾಯವೇ ಇಂದು ಮೀನಖಂಡದ ಸ್ನಾಯುವನ್ನು ತಿರುಗಿಸುವ ಉಪಾಯ.

ಐದನೆಯದು ಕಾವಲು. ಹೊಲಿದ ನಾಳ ಮುಚ್ಚಿಹೋದರೆ ಫ್ಲಾಪ್ ಕಪ್ಪಾಗುತ್ತದೆ. ಮೊದಲ ಎರಡು ದಿನ ಹೆಚ್ಚುಕಡಮೆ ಗಂಟೆಗೊಮ್ಮೆ ಅದರ ಬಣ್ಣ, ಬಿಸಿ ನೋಡುವವರು ದಾದಿಯರು. ನಡುರಾತ್ರಿ ದಾದಿಯ ಕಣ್ಣು ತಪ್ಪಿದರೆ ಹಗಲು ಹತ್ತು ಗಂಟೆ ದುಡಿದ ಸರ್ಜನರ ಶ್ರಮ ನೀರುಪಾಲು. ಸರ್ಜನರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ದಾದಿಯನ್ನೂ ನೆನೆಯಿರಿ.

ಅಂಕಗಳ ಲೆಕ್ಕ, ಅದರಲ್ಲಿ ನಮ್ಮ ಪಾಲು

ಎಲ್ಲ ಕಾಲೂ ಉಳಿಯುವುದಿಲ್ಲ. ಯಾವುದು ಉಳಿದೀತು, ಯಾವುದು ಉಳಿಯದು ಎಂದು ತೂಗಿ ನೋಡಲು ಗಂಗಾ ಆಸ್ಪತ್ರೆಯವರು ಒಂದು ಅಂಕಪಟ್ಟಿ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಇದನ್ನು ಇಂದು ಹೊರದೇಶಗಳಲ್ಲಿಯೂ ಬಳಸುತ್ತಾರೆ. ಚರ್ಮದ ಗಾಯಕ್ಕೆ 1ರಿಂದ 5 ಅಂಕ, ಎಲುಬಿಗೆ 1ರಿಂದ 5, ಸ್ನಾಯು ನರಗಳಿಗೆ 1ರಿಂದ 5. ಗಾಯ ಹೆಚ್ಚಿದಷ್ಟೂ ಅಂಕ ಹೆಚ್ಚು. ಇದಲ್ಲದೆ ಸ್ಥಿತಿಯನ್ನು ಕೆಡಿಸುವ ಏಳು ಸಂಗತಿಗಳಿಗೆ ತಲಾ 2 ಅಂಕ. ಒಟ್ಟು ಅಂಕ 14 ಅಥವಾ ಕಡಮೆಯಾದರೆ ಕಾಲುಳಿಸುವ ಪ್ರಯತ್ನ ತಕ್ಕದ್ದು. 17 ಅಥವಾ ಹೆಚ್ಚಾದರೆ ತೆಗೆಯುವುದೇ ಲೇಸು. 15, 16 ಬಂದರೆ ತಂಡದವರು ಕುಳಿತು ವಿಚಾರಮಾಡಬೇಕು.

ಆ ಏಳು ಸಂಗತಿಗಳನ್ನು ಕಿವಿಗೊಟ್ಟು ಕೇಳಿ. ರಕ್ತದ ಒತ್ತಡ ಕುಸಿದಿರುವುದು ಒಂದು. ದೇಹದ ಬೇರೆ ಕಡೆಯೂ ದೊಡ್ಡ ಪೆಟ್ಟಾಗಿರುವುದು ಒಂದು. ಅದೇ ಕಾಲಿಗೆ ಇನ್ನೊಂದು ದೊಡ್ಡ ಗಾಯವಾಗಿರುವುದು ಒಂದು. 65 ಮೀರಿದ ವಯಸ್ಸು ಒಂದು. ಮದ್ದು ತಿನ್ನಬೇಕಾದ ಸಿಹಿಮೂತ್ರ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಒಂದು. ಇವು ಐದು. ಆರನೆಯದು, ಪೆಟ್ಟಾಗಿ 12 ಗಂಟೆ ಕಳೆದರೂ ಗಾಯವನ್ನು ಶಸ್ತ್ರಚಿಕಿತ್ಸೆಯಿಂದ ಶುದ್ಧಮಾಡದಿರುವುದು. ಏಳನೆಯದು, ಚರಂಡಿಯ ಕೊಚ್ಚೆ ಅಥವಾ ಹಟ್ಟಿ ಗದ್ದೆಗಳ ಗೊಬ್ಬರ ಮಣ್ಣು ಗಾಯಕ್ಕೆ ಸೇರಿರುವುದು.

ನೋಡಿದಿರಾ? ನಗರದ ವೈದ್ಯರು ಬರೆದ ಪಟ್ಟಿಯಲ್ಲಿ ನಮ್ಮ ಹಟ್ಟಿಗೊಬ್ಬರಕ್ಕೂ ಒಂದು ಸಾಲುಂಟು! ಗದ್ದೆಯಲ್ಲಿ ಪೆಟ್ಟಾದ ರೈತನಿಗೆ ಮೊದಲೇ 2 ಅಂಕ ಬಿದ್ದಾಯಿತು, ಅದನ್ನು ತಪ್ಪಿಸಲಾಗದು. ಆದರೆ 12 ಗಂಟೆಯ ಆ ಇನ್ನೆರಡು ಅಂಕ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ವೈದ್ಯರ ತಂಡ 14ಕ್ಕೂ 16ಕ್ಕೂ ನಡುವೆ ತೂಗುತ್ತಿರುವಾಗ ಈ ಎರಡು ಅಂಕಗಳ ಭಾರ ಎಷ್ಟೆಂದು ಯೋಚಿಸಿ. ಗೊಬ್ಬರ ಮಣ್ಣಿನಲ್ಲಿ ಕೊಳೆತ ಹಾಗೂ ಧನುರ್ವಾಯುವಿನ ಕ್ರಿಮಿಗಳಿರುತ್ತವೆ. ಆದಕಾರಣ ರಸ್ತೆಯ ಗಾಯಕ್ಕಿಂತ ಗದ್ದೆಯ ಗಾಯ ಆಸ್ಪತ್ರೆಗೆ ಇನ್ನೂ ಬೇಗ ತಲುಪಬೇಕು. ನಾಳೆ ಬೆಳಿಗ್ಗೆ ನೋಡೋಣ ಎಂಬ ಮಾತು ಇಲ್ಲಿ ಸಲ್ಲದು.

ಕಾಲು ತೆಗೆಯಬೇಕೆಂದರೆ

ತೆಗೆಯುವುದೇ ಲೇಸೆಂದು ವೈದ್ಯರು ಹೇಳಿದರೆ ಸಿಟ್ಟಾಗಬೇಡಿ, ಅವರನ್ನು ಸೋತವರೆಂದು ಜರೆಯಬೇಡಿ. ಅಮೆರಿಕದಲ್ಲಿ ಇಂತಹ 569 ರೋಗಿಗಳನ್ನು ಎರಡು ವರ್ಷ ನೋಡಿ 2002ರಲ್ಲಿ ವರದಿ ಮಾಡಿದರು. ಕಾಲು ಉಳಿಸಿಕೊಂಡವರ ಸ್ಥಿತಿಗೂ ಕಾಲು ತೆಗೆಸಿಕೊಂಡವರ ಸ್ಥಿತಿಗೂ ಹೇಳಿಕೊಳ್ಳುವಷ್ಟು ಅಂತರವಿರಲಿಲ್ಲ. ಎರಡು ಗುಂಪಿನಲ್ಲಿಯೂ ಸುಮಾರು ಅರ್ಧದಷ್ಟು ಜನ ಮಾತ್ರ ಕೆಲಸಕ್ಕೆ ಮರಳಿದ್ದರು. ಉಳಿಸಿಕೊಂಡವರು ಹೆಚ್ಚು ಸಲ ಆಸ್ಪತ್ರೆ ಸೇರಬೇಕಾಯಿತು. ಅರಿವಿಲ್ಲದ, ಕೀವು ಸುರಿಯುವ ಕಾಲಿಗಿಂತ ಒಳ್ಳೆಯ ಕೃತಕ ಕಾಲು ಮೇಲಾಗುವ ಸಂದರ್ಭವುಂಟು. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿಯವರೂ ಕೂಡಿ ಮಾಡಿದ ಪಾದವನ್ನು ಧರಿಸಿ ನಮ್ಮ ದೇಶದ ರೈತರು ಕೆಸರಿನಲ್ಲಿ ನಡೆಯುತ್ತಾರೆ, ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣುತ್ತಾರೆ. ಅಲ್ಲಿಯೂ ನೋಡಿ, ಕೈ ಎರಡು ಬಗೆಯವು, ಕೆಲಸ ಒಂದೇ.

ನೀವು ಮಾಡತಕ್ಕದ್ದು

ಇನ್ನು ನಿಮ್ಮ ಕೆಲಸದ ಪಟ್ಟಿ. ಇದನ್ನು ಮನೆಯ ಗೋಡೆಗೆ ಅಂಟಿಸಿಡಿ.

1. ಯಂತ್ರಕ್ಕೆ ಕಾಲು ಸಿಕ್ಕಿದರೆ ಮೊದಲು ಯಂತ್ರ ನಿಲ್ಲಿಸಿ. ಗಾಬರಿಯಿಂದ ಎಳೆಯಬೇಡಿ.

2. ರಕ್ತ ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆ ಮಡಚಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ಆಗಾಗ ಎತ್ತಿ ನೋಡಬೇಡಿ. ಒತ್ತಿದರೂ ಚಿಮ್ಮುವುದು ನಿಲ್ಲದೆ ಜೀವಕ್ಕೇ ಅಪಾಯವೆಂದು ಕಂಡರೆ ಮಾತ್ರ ಗಾಯದ ಮೇಲ್ಗಡೆ ಅಗಲವಾದ ಬೈರಾಸನ್ನು ಕಟ್ಟಿ, ಕೋಲಿನಿಂದ ತಿರುಚಿ ಬಿಗಿಮಾಡಿ. ಕಟ್ಟಿದ ಗಂಟೆಯನ್ನು ಬರೆದಿಡಿ. ಹುರಿಹಗ್ಗ, ತಂತಿ ಬೇಡ.

3. ಗಾಯಕ್ಕೆ ಸೆಗಣಿ, ಸುಣ್ಣ, ಕಾಫಿಪುಡಿ, ಅರಸಿನ, ಸೊಪ್ಪಿನ ರಸ, ಸೀಮೆಎಣ್ಣೆ ಯಾವುದನ್ನೂ ಹಾಕಬೇಡಿ. ಹೊರಬಂದ ಎಲುಬನ್ನು ಒಳಕ್ಕೆ ತಳ್ಳಬೇಡಿ. ಒಗೆದ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ ಹಿಂಡಿ ಮುಚ್ಚಿ.

4. ಮುಚ್ಚುವ ಮುನ್ನ ಮೊಬೈಲಿನಲ್ಲಿ ಗಾಯದ ಒಂದು ಚಿತ್ರ ತೆಗೆದಿಡಿ. ಅದನ್ನು ನೋಡಿದರೆ ಡಾಕ್ಟರರು ಮತ್ತೆ ಮತ್ತೆ ಗಾಯ ಬಿಚ್ಚಬೇಕಾಗಿಲ್ಲ.

5. ಕಾಲು ಅಲುಗದಂತೆ ಆಧಾರ ಕೊಡಿ. ಬಿದಿರಿನ ಸಲಾಕೆ, ಹಲಗೆ, ಅಡಿಕೆ ಹಾಳೆ ಏನಾದರೂ ಆದೀತು. ಮಂಡಿಯೂ ಪಾದವೂ ಅದರೊಳಗೆ ಬರಲಿ. ಕಟ್ಟು ಬಿಗಿಯಾಗಿ ಬೆರಳು ನೀಲಿಯಾಗದಿರಲಿ.

6. ತುಂಡಾದ ಭಾಗವಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಪಾತ್ರೆಯಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು.

7. ಬಾಯಾರಿಕೆಯೆಂದರೂ ಕಾಫಿ, ಎಳನೀರು, ಊಟ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ಕಷ್ಟ.

8. 108ಕ್ಕೆ ಫೋನ್ ಮಾಡಿ. ಯಾವ ಆಸ್ಪತ್ರೆಯಲ್ಲಾಗಲಿ ಒಂದು ಪ್ರಶ್ನೆ ಕೇಳಿ: "ಎಲುಬು ಡಾಕ್ಟರರೂ ಪ್ಲಾಸ್ಟಿಕ್ ಸರ್ಜನರೂ ಇಲ್ಲಿ ಒಟ್ಟಿಗೆ ನೋಡುತ್ತಾರೆಯೇ?" ಇಲ್ಲವೆಂದರೆ, ರಕ್ತ ನಿಲ್ಲಿಸಿ ಮದ್ದು ಕೊಟ್ಟಮೇಲೆ, ಇಬ್ಬರೂ ಇರುವಲ್ಲಿಗೆ ತಡಮಾಡದೆ ಬರೆದುಕೊಡುವಂತೆ ವಿನಯದಿಂದ ಕೇಳಿ.

9. ಪೆಟ್ಟಾದ ಹೊತ್ತು, ಗಾಯಕ್ಕೆ ಸೇರಿದ ಕೊಳೆ, ಹಳೆಯ ಕಾಯಿಲೆ, ತಿನ್ನುವ ಮಾತ್ರೆ ಇವನ್ನು ಬಲ್ಲವರೊಬ್ಬರು ಜೊತೆಗೆ ಹೋಗಿ.

ನಾಟಿ ವೈದ್ಯರ ಕುರಿತು ಒಂದು ಮಾತು. ಅವರಲ್ಲಿ ಕೈಗುಣವುಳ್ಳವರಿರಬಹುದು, ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಚರ್ಮ ಹರಿದು ರಕ್ತ ಬಂದ ಮುರಿತವನ್ನು ಬಿಗಿದು ಕಟ್ಟಬಾರದು. ಅದನ್ನು ಕಂಡ ಕೂಡಲೇ ಆಸ್ಪತ್ರೆಗೆ ಕಳುಹಿಸುವ ನಾಟಿ ವೈದ್ಯರೂ ನಮ್ಮ ತಂಡದವರೇ.

ಮಂಗಳೂರಿಗೆ ಹತ್ತಿರವಿರುವುದು ನಮ್ಮ ಭಾಗ್ಯ. ಸರಕಾರಿ ವೆನ್ಲಾಕ್ ಆಸ್ಪತ್ರೆ 1848ರಿಂದ ಜಿಲ್ಲೆಯ ಬಡಬಗ್ಗರನ್ನು ನೋಡಿಕೊಂಡು ಬಂದಿದೆ. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ 1880ರದ್ದು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಇನ್ನೂ ಹಲವು ವೈದ್ಯಕೀಯ ಕಾಲೇಜುಗಳು ಈ ನಗರದ ಸುತ್ತ ಬಂದಿವೆ. ಆಸ್ಪತ್ರೆ ಸಮೀಪವಿದ್ದೂ ಹೊತ್ತು ಕಳೆದರೆ, ಹೊಳೆಯ ದಡದಲ್ಲಿದ್ದೂ ಗದ್ದೆ ಒಣಗಿಸಿದಂತಾದೀತು.

ಹಣ ಮತ್ತು ಕಾನೂನು

ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾದೀತೆಂದು ಹಿಂದೆ ಜನ ಅಂಜುತ್ತಿದ್ದರು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134-ಎ ಕಲಮಿನಂತೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ಯೋಜನೆಯಂತೆ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ ಸಿಗಬೇಕು. ಮರದಿಂದ ಬಿದ್ದವರಿಗೆ, ಟಿಲ್ಲರಿಗೆ ಸಿಕ್ಕಿದವರಿಗೆ ಇದು ಅನ್ವಯಿಸದು. ಅವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು ಈಗಲೇ ಮಾಡಿಸಿಡಬೇಕು. ಒಲೆ ಹೊತ್ತಿಕೊಂಡ ಮೇಲೆ ಸೌದೆ ಒಣಗಿಸಲು ಹೊರಡಬಾರದು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಮನೆಗೆ ಬಂದಾಗ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಎಲುಬು ಕೂಡಲು ಆರು ತಿಂಗಳು, ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಇನ್ನೂ ಒಂದೆರಡು ಶಸ್ತ್ರಚಿಕಿತ್ಸೆಗಳು ಬೇಕಾಗಬಹುದು. ಮೀನು, ಮೊಟ್ಟೆ, ಬೇಳೆ, ಹಾಲು ಹೊಟ್ಟೆ ತುಂಬ ಬೇಕು. ಹೇಳಿಕೊಟ್ಟ ವ್ಯಾಯಾಮವನ್ನು ನೋವಾದರೂ ತಪ್ಪಿಸಬಾರದು. ಬೀಡಿ ಕೂಡದು. ಬೀಡಿ ಕಟ್ಟಿ ಬದುಕಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು, ಆದರೂ ಹೇಳಲೇಬೇಕು. ಹೊಗೆಯಿಂದ ಸಣ್ಣ ರಕ್ತನಾಳಗಳು ಸಂಕುಚಿತವಾಗುತ್ತವೆ, ಎಲುಬು ಕೂಡುವುದು ನಿಧಾನವಾಗುತ್ತದೆ. ಕೂದಲಿಗಿಂತ ಸಪುರವಾದ ನೂಲಿನಿಂದ ಹೊಲಿದ ನಾಳವನ್ನು ಒಂದು ಬೀಡಿಯ ಆಸೆಗೆ ಬಲಿಕೊಡಬೇಡಿ.

ಈ ಒಂದು ವರ್ಷ ಆ ಮನೆಯ ಗದ್ದೆಯನ್ನು ಯಾರು ಉಳುವರು? ಹಾಲು ಯಾರು ಒಯ್ಯುವರು? ಎಷ್ಟೋ ಮಂದಿ ಕಾಲು ಬಲಿಯುವ ಮೊದಲೇ ಗದ್ದೆಗಿಳಿದು, ಕೂಡಿದ ಎಲುಬನ್ನು ಮತ್ತೆ ಕೆಡಿಸಿಕೊಳ್ಳುವುದು ಹಠದಿಂದಲ್ಲ, ಬೇರೆ ದಾರಿಯಿಲ್ಲದೆ. ನಮ್ಮಲ್ಲಿ ಮುಯ್ಯಾಳು ಎಂಬ ಹಳೆಯ ಪದ್ಧತಿಯುಂಟು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಪೆಟ್ಟಾದವನ ಮನೆಗೆ ಒಂದು ಬೆಳೆಯ ಮಟ್ಟಿಗಾದರೂ ಊರವರು ಮುಯ್ಯಾಳಾಗಿ ಹೋಗಿ. ಅವನು ತಿರುಗಿ ಬರುವುದು ತಡವಾದೀತು, ಬಂದೇ ಬರುವನು. ಹಾಲಿನ ಸೊಸೈಟಿ, ಸ್ವಸಹಾಯ ಸಂಘ, ಯುವಕ ಮಂಡಲಗಳು ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ.

ಬಾಂಧವರೇ, ಎಲುಬು ಕೂಡಿಸುವವರು, ಮಾಂಸ ಹೊದಿಸುವವರು, ನಾಳ ಹೊಲಿಯುವವರು, ರಾತ್ರಿ ಕಾಯುವವರು ಆಸ್ಪತ್ರೆಯಲ್ಲಿದ್ದಾರೆ. ಅವರಿಗಿಂತ ಮೊದಲು ಗಾಯವನ್ನು ಕಾಣುವವರು ನೀವು. ಎಲ್ಲರೂ ಮನೆಗೆ ಹೋದ ಮೇಲೆ ಅವನ ಪಕ್ಕದಲ್ಲಿ ಉಳಿಯುವವರೂ ನೀವು. ಮೊದಲ ಕೈ ತಡವಾದರೆ ನಡುವಣ ಕೈಗಳು ಎಷ್ಟು ಚುರುಕಾಗಿದ್ದರೂ ಫಲವಿಲ್ಲ. ಕೊನೆಯ ಕೈ ಸಡಿಲವಾದರೆ ಆದ ಕೆಲಸವೂ ಉಳಿಯದು. ಇಂದು ಮನೆಗೆ ಹೋದೊಡನೆ ಎರಡು ಕೆಲಸ ಮಾಡಿ: ಟಿಲ್ಲರಿನ ರಕ್ಷಣಾ ತಗಡು ಕಳಚಿದ್ದರೆ ಮರಳಿ ಕೂಡಿಸಿ, ಎರಡೂ ಬಗೆಯ ವೈದ್ಯರಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ಅದರ ಫೋನ್ ನಂಬರನ್ನು ಗೋಡೆಯ ಪಟ್ಟಿಯ ಕೆಳಗೆ ಬರೆದಿಡಿ. ಆ ನಂಬರು ಬೇಕಾಗದೆಯೇ ಇರಲಿ ಎಂದು ಹಾರೈಸುತ್ತೇನೆ.